ನೀಲಿ ಕಾರ್ಡು, ವೀಲ್‌ಚೇರ್ ಗುರುತಿನ ನಂಬರ್ ಪ್ಲೇಟು: ಕ್ಯಾಲಿಫೋರ್ನಿಯಾದಲ್ಲಿ 2016ರಿಂದ ಬಳಸಿದ ಅನುಭವ

ನಂಗೆ ರುಮಟಾಯ್ಡ್ ಆರ್ಥ್ರೈಟಿಸ್, ನಮ್ಮಮ್ಮನ ಬಾಯಲ್ಲಿ ಕೀಲುವಾತ. ಇರೋದು ಫ್ರೀಮಾಂಟ್‌ನಲ್ಲಿ. ಅಂಗವಿಕಲರಿಗೆ ಮೀಸಲಿಟ್ಟ ಜಾಗದಲ್ಲಿ ಕಾರ್ ನಿಲ್ಲಿಸೋಕೆ ಕೊಡೋ ಕಾರ್ಡು, ನಂಬರ್ ಪ್ಲೇಟು ಎರಡೂ ನನ್ನ ಹತ್ರ ಇವೆ. ಹೊಸದಾಗಿ ಬಂದ ನಮ್ಮವರು ಸುಮಾರು ಜನ "ಅದಕ್ಕೆ ವೀಲ್‌ಚೇರ್‌ನಲ್ಲೇ ಇರ್ಬೇಕಲ್ವಾ" ಅಂತ ಕೇಳ್ತಾರೆ, ಹಂಗೇನಿಲ್ಲ ಕಣ್ರೀ, ಹಾರ್ಟು, ಶ್ವಾಸಕೋಶ, ಕಣ್ಣು, ಎರಡೂ ಕೈ ಉಪಯೋಗಕ್ಕೆ ಬರ್ದಿರೋದು, ನಡಿಯೋಕೆ ತೊಂದ್ರೆ ಕೊಡೋ ಕಾಯಿಲೆ, ಇವಕ್ಕೆಲ್ಲ ಸಿಗತ್ತೆ. ಡಾಕ್ಟ್ರು ಬರ್ಕೊಡ್ಬೇಕು ಅಷ್ಟೆ.

ಮೊದಲು ತಗೊಂಡಿದ್ದು ಕೆಂಪು ಕಾರ್ಡು, ಅದು ಟೆಂಪರರಿ, 6 ಡಾಲರ್, ಜಾಸ್ತಿ ಅಂದ್ರೆ 180 ದಿನ. ಅದೇ ವರ್ಷದ ಕೊನೇಲಿ ಡಾಕ್ಟ್ರು "ಇದು ಹೋಗೋ ಕಾಯಿಲೆ ಅಲ್ಲ" ಅಂದ್ಮೇಲೆ ನೀಲಿ ಕಾರ್ಡು, ಪರ್ಮನೆಂಟು, ಇದಕ್ಕೆ ದುಡ್ಡೇ ಇಲ್ಲ. ಎರಡಕ್ಕೂ ಫಾರಂ ಒಂದೇ, ಡಿಎಂವಿಯ (ನಮ್ಮೂರ ಆರ್‌ಟಿಓ ಥರದ ಕಚೇರಿ) ಆರ್‌ಇಜಿ 195. ನಾನು ಒಂದು ಸಲ ಸುಮ್ನೆ ಓಡಾಡಿದ್ದು ಇಲ್ಲೇ, ಕ್ಲಿನಿಕ್‌ನವರು ಸೈನ್ ಹಾಕಿ ಕಾಯಿಲೆ ವಿವರ ಬರಿಯೋ ಜಾಗ ಖಾಲಿ ಬಿಟ್ಟಿದ್ರು, ನಾನೂ ನೋಡ್ಲಿಲ್ಲ, ಕ್ಯೂನಲ್ಲಿ ನಿಂತು ಕೌಂಟರ್ ತಲುಪಿದ್ಮೇಲೆ ವಾಪಸ್. ಮಂಡಿ ಊದ್ಕೊಂಡು ಬಂದಿದ್ದೆ ಅವತ್ತು. ಕ್ಲಿನಿಕ್ ಬಾಗಿಲು ದಾಟೋ ಮುಂಚೆ ಆ ಪುಟ ಒಂದ್ಸಲ ಓದ್ಕೊಳ್ಳಿ.

ರಿನ್ಯೂವಲ್ ಬಗ್ಗೆ ಹೆದರ್ಕೋಬೇಡಿ. ಯಾವಾಗ ತಗೊಂಡಿರಿ, ನೀಲಿ ಕಾರ್ಡು ಮುಗಿಯೋದು ಬೆಸ ವರ್ಷದ ಜೂನ್ 30ಕ್ಕೆ, ಅಷ್ಟರೊಳಗೆ ಹೊಸದು ಪೋಸ್ಟಲ್ಲಿ ತಾನೇ ಬರತ್ತೆ, ಮತ್ತೆ ಡಾಕ್ಟ್ರ ಹತ್ರ ಹೋಗೋ ಕೆಲಸ ಇಲ್ಲ. 2019ರಲ್ಲಿ ನಂಗೆ ಬರ್ಲಿಲ್ಲ. ತಪ್ಪು ನಂದೇ, ಮನೆ ಬದಲಾಯಿಸಿದ್ವಿ, 10 ದಿನದೊಳಗೆ ಅಡ್ರೆಸ್ ತಿಳಿಸ್ಬೇಕು ಅನ್ನೋದು ಗೊತ್ತಿದ್ದೂ ಪಾತ್ರೆ ಪಗಡೆ ಜೋಡಿಸೋದ್ರಲ್ಲಿ ಮರೆತೆ. 2023ರಿಂದ ಇನ್ನೊಂದು ಸೇರ್ಕೊಂಡಿದೆ, ಆರು ವರ್ಷಕ್ಕೊಮ್ಮೆ ಒಂದು ನೋಟಿಸ್ ಬರತ್ತೆ, "ಹೌದು, ಇನ್ನೂ ಬೇಕು" ಅಂತ ಸೈನ್ ಮಾಡಿ ಕಳಿಸ್ಬೇಕು. ಜಾಹೀರಾತು ಕಾಗದ ಅನ್ಕೊಂಡು ಕಸಕ್ಕೆ ಹಾಕ್ಬೇಡಿ.

ಈಗ ನಿಜವಾದ ತಲೆನೋವಿಗೆ ಬರ್ತೀನಿ. ಗಾಡಿ ನಿಲ್ಲಿಸಿದಾಗ ಕಾರ್ಡನ್ನ ಕಾರಿನೊಳಗಿನ ಕನ್ನಡಿಗೆ ನೇತು ಹಾಕ್ಬೇಕು, ಆದ್ರೆ ಗಾಡಿ ಓಡಿಸುವಾಗ ತೆಗೀಬೇಕು. ಬೆಳಿಗ್ಗೆ ಹೊತ್ತು ನನ್ನ ಬೆರಳು ಹಸಿ ಅರಿಶಿನ ಕೊಂಬಿನ ಥರ ಗಂಟು ಗಂಟಾಗಿ ಮಡಚೋಕೇ ಆಗಲ್ಲ, ಆ ಪ್ಲಾಸ್ಟಿಕ್ ಕೊಕ್ಕೆ ಕನ್ನಡಿ ಹಿಂದೆ ಸಿಕ್ಕಿಸೋಕೆ ಕೈ ಮೇಲೆತ್ತಿ ಒದ್ದಾಡ್ಬೇಕು, ಇಳಿದು ಅಂಗಡಿ ಒಳಗೆ ಹೋಗೋಷ್ಟರಲ್ಲೇ ಅರ್ಧ ಶಕ್ತಿ ಖರ್ಚು. ಒಂದಿನ ಸರಿಯಾಗಿ ಸಿಕ್ಕಿರ್ಲಿಲ್ಲ ಅನ್ಸತ್ತೆ, ಜಾರಿ ಸೀಟ್ ಕೆಳಗೆ ಬಿದ್ದಿದೆ, ಬಂದು ನೋಡಿದ್ರೆ ಗ್ಲಾಸ್ ಮೇಲೆ ದಂಡದ ಟಿಕೆಟ್ಟು. ಕಾರ್ಡು, ಅದರ ಜೊತೆ ಕೊಡೋ ರಸೀದಿ ಎರಡರ ಕಾಪಿ ಕಳಿಸಿದ್ಮೇಲೆ 25 ಡಾಲರ್ ತಗೊಂಡು ಕ್ಯಾನ್ಸಲ್ ಮಾಡಿದ್ರು, ಇಲ್ದಿದ್ರೆ ನೂರಾರು ಡಾಲರ್ ಕೈ ಬಿಡ್ತಿತ್ತು.

ಆ ತಿಂಗಳೇ ಪ್ಲೇಟಿಗೆ ಅರ್ಜಿ ಹಾಕ್ದೆ. ನೀಲಿ ಕಾರ್ಡು ಮೊದಲೇ ಇದ್ರೆ ಡಾಕ್ಟ್ರ ಸರ್ಟಿಫಿಕೇಟ್ ಮತ್ತೆ ಕೇಳಲ್ಲ, ಗಾಡಿ ನಿಮ್ಮ ಹೆಸರಲ್ಲಿರ್ಬೇಕು, ಪ್ರತಿವರ್ಷ ಗಾಡಿ ರಿಜಿಸ್ಟ್ರೇಷನ್ ಜೊತೆನೇ ಇದೂ ರಿನ್ಯೂ ಆಗತ್ತೆ. ನೇತು ಹಾಕೋದೂ ಇಲ್ಲ, ತೆಗಿಯೋದೂ ಇಲ್ಲ. ಪ್ಲೇಟಿಗೆ ಐದಕ್ಕೆ ಐದು, ಕಾರ್ಡಿಗೆ ಮೂರು. ಹಂಗಂತ ಕಾರ್ಡು ವಾಪಸ್ ಕೊಡ್ಬೇಡಿ, ಎರಡೂ ಇಟ್ಕೊಬಹುದು, ಗೆಳತಿ ಕಾರಲ್ಲಿ ದೇವಸ್ಥಾನಕ್ಕೆ ಹೋಗುವಾಗ ಪ್ಲೇಟು ಮನೇಲೇ ಇರತ್ತಲ್ಲ. ರಸ್ತೆ ಬದಿ ಪಾರ್ಕಿಂಗ್ ಮೀಟರ್‌ಗೆ ದುಡ್ಡು ಹಾಕ್ಬೇಕಾಗಿಲ್ಲ, ಫುಟ್‌ಪಾತ್ ಅಂಚಿಗೆ ಹಸಿರು ಬಳಿದಿರೋ ಕಡೆ ಎಷ್ಟು ಹೊತ್ತಾದ್ರೂ ನಿಲ್ಲಿಸ್ಬಹುದು. ಆದ್ರೆ ಕೆಂಪು ಅಂಚಿಗೆ ನಮಗೂ ರಿಯಾಯ್ತಿ ಇಲ್ಲ. ನಮ್ಮ ಮೀಸಲು ಜಾಗದ ಪಕ್ಕ ಪಟ್ಟೆ ಪಟ್ಟೆ ಬಳಿದಿರೋ ಜಾಗದಲ್ಲೂ ಯಾರೂ ನಿಲ್ಲಿಸೋ ಹಾಗಿಲ್ಲ, ಅದು ವ್ಯಾನಿಂದ ವೀಲ್‌ಚೇರ್ ಇಳಿಸೋಕೆ ಇರೋದು, "ಎರಡೇ ನಿಮಿಷ" ಅನ್ನೋರಿಗೆ ಇದು ತಲೆಗೆ ಹೋಗಲ್ಲ.

ಜನ ನೋಡೋ ನೋಟಕ್ಕೆ ಯಾವ ಫಾರಂ ಕೂಡ ಇಲ್ಲ ಬಿಡಿ. "ನಿಮ್ಮಜ್ಜಿ ಕಾರ್ಡಾ ಇದು?" ಅಂತ ಪಾರ್ಕಿಂಗಲ್ಲಿ ಕೇಳಿಸ್ಕೊಂಡಿದೀನಿ. ಸಿಟ್ಟು ಬಂತು, ಆದ್ರೆ ಕೇಳಿದೋರನ್ನೂ ಪೂರ್ತಿ ಬಯ್ಯೋಕಾಗಲ್ಲ, ನಮ್ಮ ಪರಿಚಯದೋರೇ ಒಬ್ರು, ಅತ್ತೆ ಮೈಸೂರಲ್ಲಿ, ಅತ್ತೆ ಕಾರ್ಡು ಇಲ್ಲಿ ಮಾಲಲ್ಲಿ. ಸಿಕ್ಕಿಬಿದ್ರೆ 250ರಿಂದ 1000 ಡಾಲರ್ ದಂಡ ಅಂತ ನಾನೇ ಹೇಳಿದ್ದೆ, ನಕ್ರು.

ಈಗ ಹೊಸ ಕಾರ್ ಬುಕ್ ಮಾಡಿದೀವಿ. ಹಳೇ ಗಾಡಿ ಕೊಡೋ ಮುಂಚೆ ಪ್ಲೇಟ್ ಬಿಚ್ಚಿ ಇಟ್ಕೊಬೇಕು, ಅದು ಕಾರಿನ ಜೊತೆ ಹೋಗಲ್ಲ, ನನ್ನ ಜೊತೇಲಿರತ್ತೆ. ಸ್ಕ್ರೂ ತುಕ್ಕು ಹಿಡಿದು ಕೂತಿದೆ, ಭಾನುವಾರ ನಮ್ಮ ಯಜಮಾನ್ರಿಗೆ ಅದೇ ಕೆಲಸ.