ಮೂರು ಡಾರ್ಕ್ ಮೈಲ್ಡ್, ಎರಡನೇ ಗ್ಲಾಸಿನ ಲೆಕ್ಕ

ಡಾರ್ಕ್ ಮೈಲ್ಡ್ ಅಂದರೆ ಇಂಗ್ಲೆಂಡಿನ ಒಂದು ಥರದ ಕಪ್ಪು ಬಿಯರ್. ನಾನು ಕುಡಿದ ಮೊದಲನೆಯದು ಕೆಟ್ಟುಹೋಗಿತ್ತು. ಬರ್ಮಿಂಗ್‌ಹ್ಯಾಮ್‌ಗೆ ಬಂದ ಹೊಸದು. ಪಬ್ಬಿನ ಹೆಸರು ಬೇಡ. ಪಂಪಿನ ಮೇಲೆ ಮೈಲ್ಡ್ ಅಂತ ಬರೆದಿತ್ತು, ಕೇಳಿದೆ. ಮೂರು ದಿನದ ಮಜ್ಜಿಗೆಯಷ್ಟು ಹುಳಿ. ಇಲ್ಲಿಯವರಿಗೆ ಇದೇ ರುಚಿಯೇನೋ ಅಂದುಕೊಂಡು ಅರ್ಧ ಬಿಟ್ಟು ಸುಮ್ನೆ ಎದ್ದು ಬಂದೆ.

ಆಫೀಸಿನಲ್ಲಿ ಹಳಬರೊಬ್ಬರು ಇದನ್ನು ಕೇಳಿ ನಕ್ಕರು. ಪೀಪಾಯಿ ಹಳಸಿರುತ್ತದೆ, ಬಿಯರನ್ನು ಬೈಯಬೇಡ ಅಂದರು. ಪೀಪಾಯಿಯ ಬಿಯರ್‌ನಲ್ಲಿ ಈಸ್ಟ್ ಇನ್ನೂ ಜೀವಂತ ಇರುತ್ತದೆ. ಒಂದು ಸಲ ತೆರೆದರೆ, ಬಿಯರ್ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರುತ್ತದೆ. ಮೂರು ದಿನದಲ್ಲಿ ಖಾಲಿಯಾದರೆ ಒಳ್ಳೆಯದು. ಮೈಲ್ಡ್‌ನಲ್ಲಿ ಆಲ್ಕೋಹಾಲೂ ಕಡಿಮೆ, ಬಿಯರಿಗೆ ಕಹಿ ಕೊಟ್ಟು ಕೆಡದಂತೆ ಕಾಯುವ ಹಾಪ್ಸ್ ಹೂವೂ ಕಡಿಮೆ, ಹಾಗಾಗಿ ಬೇಗ ಹುಳಿಯಾಗುತ್ತದೆ. ಅದು ಬೇಗ ಖರ್ಚಾಗುವ ಕಡೆ ಹೋಗಿ ಕುಡಿ ಅಂದರು. ಅಂದರೆ ಬ್ಲ್ಯಾಕ್ ಕಂಟ್ರಿ. ಬರ್ಮಿಂಗ್‌ಹ್ಯಾಮ್‌ನ ಪಕ್ಕದಲ್ಲೇ, ಹಿಂದೆ ಕಲ್ಲಿದ್ದಲು ತೆಗೆದು ಸರಪಳಿ ಬಡಿಯುತ್ತಿದ್ದ ಸೀಮೆ.

ಒಂದು ಶನಿವಾರ ಹಾಸನದ ಗೆಳೆಯನೊಬ್ಬನನ್ನು ಕಟ್ಟಿಕೊಂಡು ಬಸ್ಸಿನಲ್ಲಿ ಹೊರಟೆ. ಆ ಸೀಮೆಯ ಡಡ್ಲಿ ಪಟ್ಟಣದ ಸುತ್ತಮುತ್ತ ಮೂರು ಪಬ್, ಮೂರು ಮೈಲ್ಡ್. ಎಲ್ಲ ಕಡೆ ಅರ್ಧ ಪಿಂಟ್, ಅಂದರೆ 284 ಮಿ.ಲೀ. ಮೊದಲ ಗುಟುಕಿಗೆ ಅಂಕ ಕೊಡಬಾರದು ಅಂತ ಒಂದು ನಿಯಮವನ್ನೂ ಮಾಡಿಕೊಂಡೆವು. ಮುಗಿದ ಮೇಲೆ ಇನ್ನೊಂದು ಬೇಕು ಅನ್ನಿಸುತ್ತದಾ ಇಲ್ಲವಾ, ಅಷ್ಟೇ ಲೆಕ್ಕ.

ಮೊದಲು ಬ್ರೈಯರ್ಲಿ ಹಿಲ್‌ನ ವೈನ್ ಇನ್. ಊರವರು ಇದನ್ನು ಬುಲ್ ಅಂಡ್ ಬ್ಲ್ಯಾಡರ್ ಅನ್ನುತ್ತಾರೆ. ಹಿಂದೆ ಇಲ್ಲಿ ಕಸಾಯಿಖಾನೆ ಇತ್ತಂತೆ. ಪಬ್ಬಿನ ಹಿಂದೆಯೇ ಬೇಥಮ್ಸ್ ಬ್ರೂವರಿ. ಅವರ ಮೈಲ್ಡ್‌ನಲ್ಲಿ ಆಲ್ಕೋಹಾಲ್ 3.5%. ಗ್ಲಾಸ್ ನೋಡಿ ಗೆಳೆಯ, ‘ಏನೋ ಇದು, ಡಿಕಾಕ್ಷನ್ ಥರ ಇದೆಯಲ್ಲೋ’ ಅಂದ. ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಕೆಂಪು ಕಾಣುತ್ತದೆ. ಬಾಯಿಗಿಟ್ಟರೆ ಡಿಕಾಕ್ಷನ್‌ನ ಕಹಿ ಇಲ್ಲ. ನನಗೆ ನೆನಪಾದದ್ದು ರಾಗಿ ಹುರಿಹಿಟ್ಟು. ಅದೇ ಹುರಿದ ವಾಸನೆ, ಸ್ವಲ್ಪ ಬೆಲ್ಲ, ಕೊನೆಗೆ ಬಾಯಿ ಒಣಗಿಸುವ ಚೂರು ಒಗರು. ಮೊದಲ ಗುಟುಕಿಗೆ ತೆಳು ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಅರ್ಧ ಗ್ಲಾಸ್ ಹೊತ್ತಿಗೆ ಆ ತೆಳುವೇ ಇಷ್ಟವಾಯಿತು. ಜೊತೆಗೆ ಚೀಸ್, ಈರುಳ್ಳಿ ತುಂಬಿದ ಗುಂಡನೆಯ ಬನ್ನು. ಇಲ್ಲಿ ಅದಕ್ಕೆ ಕಾಬ್ ಅನ್ನುತ್ತಾರೆ. ಹಸಿ ಈರುಳ್ಳಿಗೆ ಈ ಮೈಲ್ಡ್ ಚೆನ್ನಾಗಿ ಹೊಂದುತ್ತದೆ.

ಮುಂದೆ ವುಡ್‌ಸೆಟನ್‌ನ ಪಾರ್ಕ್ ಇನ್, ಹೋಲ್ಡನ್ಸ್ ಬ್ರೂವರಿಯ ಪಕ್ಕದ್ದೇ. ಅವರ ಬ್ಲ್ಯಾಕ್ ಕಂಟ್ರಿ ಮೈಲ್ಡ್ 3.7%. ಬಣ್ಣ ಇನ್ನೂ ಕೆಂಪಗೆ, ಸಿಹಿ ಜಾಸ್ತಿ. ಪಾಕ ತಳ ಹಿಡಿಯುವ ಮುಂಚಿನ ವಾಸನೆ ಇದೆಯಲ್ಲ, ಅದು. ಮೊದಲ ಗುಟುಕಿನಲ್ಲಿ ಬೇಥಮ್ಸನ್ನು ಹೊಡೆದುಹಾಕಿತು. ಗ್ಲಾಸ್ ಮುಗಿಯುವ ಹೊತ್ತಿಗೆ ನನಗೆ ಸಾಕು ಅನ್ನಿಸಿತ್ತು. ಇದರ ಬಗ್ಗೆ ಇನ್ನೇನೂ ಹೇಳಲಿಕ್ಕಿಲ್ಲ. ಸಿಹಿ ಇಷ್ಟಪಡುವವರು ಇಲ್ಲಿಂದಲೇ ಶುರು ಮಾಡಬಹುದು.

ಒಂದು ವಿಷಯ. ಇವು ಯಾವುವೂ ಐಸ್ ಥರ ತಣ್ಣಗಿರುವುದಿಲ್ಲ. ನೆಲಮಾಳಿಗೆಯ ತಂಪು, 11–13 ಡಿಗ್ರಿ. ಬೆಂಗಳೂರಿನಲ್ಲಿ ಫ್ರಿಜ್ಜಿನ ಲಾಗರ್ ಕುಡಿದು ಬಂದ ನಾಲಿಗೆಗೆ ಇದು ಆರಿದ ಕಾಫಿಯಂತೆ ಕಾಣುತ್ತದೆ. ತಣ್ಣಗೆ ಮಾಡಿದರೆ ಆ ಹುರಿಹಿಟ್ಟಿನ ವಾಸನೆಯೇ ಇರುವುದಿಲ್ಲ.

ಕೊನೆಯದು ಸೆಜ್ಲಿಯ ಬೀಕನ್ ಹೋಟೆಲ್. ಹೋಟೆಲ್ ಅನ್ನುವುದು ಹೆಸರಿಗೆ, ಇರುವುದು ಪಬ್. ನಡುವೆ ಬಿಯರ್ ಕೊಡುವ ಪುಟ್ಟ ಗೂಡು, ಸುತ್ತಲೂ ಕೋಣೆಗಳಿಗೆ ಕಿಟಕಿ. ರೈಲ್ವೆ ಟಿಕೆಟ್ ಕೌಂಟರಿನಲ್ಲಿ ಬಗ್ಗಿದ ಹಾಗೆ ಬಗ್ಗಿ ಕೇಳಬೇಕು. ಇಲ್ಲಿನ ಡಾರ್ಕ್ ರೂಬಿ ಮೈಲ್ಡ್‌ಗೆ ಸಾರಾ ಹ್ಯೂಸ್ ಎಂಬ ಹೆಂಗಸಿನ ಹೆಸರು. 1920ರ ಸುಮಾರಿಗೆ ಪಬ್ ಕೊಂಡು ಬ್ರೂವರಿ ನಡೆಸಿದವರು ಆಕೆ. ನಡುವೆ ವರ್ಷಗಟ್ಟಲೆ ನಿಂತಿದ್ದನ್ನು ಮೊಮ್ಮಗ 1987ರಲ್ಲಿ ಅಜ್ಜಿಯ ಪಾಕವಿಧಾನ ಹಿಡಿದು ಮತ್ತೆ ಶುರು ಮಾಡಿದರು.

ಇದು 6%. ಮೈಲ್ಡ್ ಅಂತ ಹೇಳಿ 6% ಯಾಕೆ ಅಂತ ನನಗೂ ಗೊಂದಲವಾಗಿತ್ತು. ವಿಷಯ ಏನಂದರೆ, ಮೈಲ್ಡ್ ಅನ್ನುವ ಮಾತಿಗೆ ಮೊದಲು ಸೌಮ್ಯ ಅನ್ನುವ ಅರ್ಥವೇ ಇರಲಿಲ್ಲ. ತಿಂಗಳುಗಟ್ಟಲೆ ಇಟ್ಟು ಹಳತು ಮಾಡದ, ಎಳೆಯ ಬಿಯರ್ ಅಂತ ಅರ್ಥ. 19ನೇ ಶತಮಾನದ ಮೈಲ್ಡ್‌ಗಳು ಎಷ್ಟೋ ಹೀಗೇ ಗಟ್ಟಿಯಾಗಿದ್ದವು. ಮೊದಲ ಮಹಾಯುದ್ಧದಲ್ಲಿ ಧಾನ್ಯಕ್ಕೆ ಮಿತಿ ಬಂದು, ಬಿಯರಿನ ತೆರಿಗೆ ಏರಿ ಬಲ ಇಳಿಯಿತು. ಇಳಿದದ್ದು ಮತ್ತೆ ಏರಲಿಲ್ಲ. ಈಗ 3.5% ಕಂಡು ನಾವು ಇದೇ ಸಂಪ್ರದಾಯ ಅನ್ನುತ್ತೇವೆ.

ರೂಬಿಯ ರುಚಿ? ಖರ್ಜೂರ, ಒಣದ್ರಾಕ್ಷಿ, ಕಪ್ಪು ಬೆಲ್ಲ. ನಾಲಿಗೆಯ ಮೇಲೆ ಎಣ್ಣೆಯಂತೆ ಕೂರುತ್ತದೆ. ಗುಟುಕು ಗುಟುಕಿಗೂ ಬೇರೆ. ಮೂರರಲ್ಲಿ ಒಂದನ್ನೇ ಹೊಗಳು ಅಂದರೆ ಇದನ್ನೇ ಹೊಗಳುತ್ತೇನೆ. ಗೆಳೆಯ ಅಲ್ಲೇ ತೀರ್ಪು ಕೊಟ್ಟುಬಿಟ್ಟ: ‘ಇದರ ಮುಂದೆ ಉಳಿದವೆಲ್ಲ ಬರೀ ಕಲರ್ ನೀರು ಕಣೋ.’

ನನ್ನ ತಕರಾರು ಬೇರೆ. ಒಂದು ಪಿಂಟ್ ಬೇಥಮ್ಸ್‌ನಲ್ಲಿ ಸುಮಾರು 20 ಮಿ.ಲೀ. ಆಲ್ಕೋಹಾಲ್. ರೂಬಿಯಲ್ಲಿ 34. ಎರಡನೇ ಅರ್ಧ ತರಿಸಿದಾಗ ನನ್ನ ಮಾತು ನಿಧಾನವಾಗಿತ್ತು, ರುಚಿಯೂ ಒಂದೇ ಥರ ಕಾಣುತ್ತಿತ್ತು. ಬೆಳಗಿನಿಂದ ಕುಲುಮೆಯ ಮುಂದೆ ಬೆವರು ಸುರಿಸಿದವನು ಕೂತು, ಮಾತಾಡುತ್ತಾ, ಗ್ಲಾಸ್ ಮೇಲೆ ಗ್ಲಾಸ್ ಕುಡಿದು ನೆಟ್ಟಗೆ ಮನೆಗೆ ಹೋಗುವ ಬಿಯರ್ ಇದಲ್ಲ. ಅದು ಬೇಥಮ್ಸ್. ನಮ್ಮ ನಿಯಮದ ಪ್ರಕಾರ ನಾನು ಅದಕ್ಕೇ ಕೊಟ್ಟೆ. ಹೋಲ್ಡನ್ಸ್ ಮೂರನೆಯದು, ಆದರೂ ಕೆಟ್ಟದ್ದಲ್ಲ.

ಗೆಳೆಯ ಇನ್ನೂ ಒಪ್ಪಿಲ್ಲ. ಮುಂದಿನ ಸಲ ಮೊದಲು ಸೆಜ್ಲಿಗೇ ಹೋಗೋಣ ಅನ್ನುತ್ತಾನೆ. ಹಾಗೆ ಮಾಡಿದರೆ ಬ್ರೈಯರ್ಲಿ ಹಿಲ್‌ವರೆಗೆ ಇವನು ಬರುವುದೇ ಅನುಮಾನ.