ಅಕ್ಕನ ಜೊತೆ ನೋಡಿದ ಮೂರು ಸಿನಿಮಾ

ನಾನು ಆಡಿಯೋ ಪುಸ್ತಕಗಳ ರೆಕಾರ್ಡಿಂಗ್ ತಿದ್ದುವ ಕೆಲಸ ಮಾಡುತ್ತೇನೆ. ದಿನವಿಡೀ ಹೆಡ್‌ಫೋನ್ ಹಾಕಿಕೊಂಡು ಓದುವವರ ಉಸಿರು, ಪುಟ ತಿರುಗಿಸಿದ ಸದ್ದು, ಕುರ್ಚಿ ಕಿರುಗುಟ್ಟಿದ್ದು, ಇವನ್ನೆಲ್ಲ ಹುಡುಕಿ ತೆಗೆಯಬೇಕು. ಅಕ್ಕನಿಗೆ ಎಡಗಿವಿ ಮಂದ. ಹಾಗಾಗಿ ನಾವಿಬ್ಬರೂ ಸಿನಿಮಾಗೆ ಹೊರಟರೆ ಮೊದಲು ಸೀಟಿನ ಬಗ್ಗೆ ಮಾತಾಗುತ್ತದೆ, ಆಮೇಲೆ ಸಿನಿಮಾ ಬಗ್ಗೆ.

ಸಿನಿಮಾದಲ್ಲಿ ಮಾತು ಬಹುಪಾಲು ಪರದೆಯ ಹಿಂದಿರುವ ನಡುವಿನ ಸ್ಪೀಕರಿನಿಂದ ಬರುತ್ತದೆ. ಸದ್ದು ದಾಟಿ ಬರಲಿ ಅಂತಲೇ ಪರದೆಯ ತುಂಬ ಸಣ್ಣ ಸಣ್ಣ ತೂತುಗಳಿರುತ್ತವೆ. ಅಕ್ಕ ಹಾಲಿನ ಎಡಭಾಗದಲ್ಲಿ ಕೂತರೆ ಅವಳ ಬಲಗಿವಿ ಆ ಸ್ಪೀಕರಿನ ಕಡೆಗಿರುತ್ತದೆ. ನಾನು ಅವಳ ಬಲಕ್ಕೆ ಕೂರುತ್ತೇನೆ, ಏನಾದರೂ ಪಿಸುಗುಟ್ಟಬೇಕಾದರೆ ಕೇಳಿಸಲಿ ಅಂತ. ಮುಂದಿನಿಂದ ಎಣಿಸಿದರೆ ಹಾಲಿನ ಮೂರನೇ ಎರಡು ಭಾಗ ದಾಟಿದ ಸಾಲು ನಮ್ಮದು. ಸದ್ದನ್ನು ಹದ ಮಾಡುವವರು ತಮ್ಮ ಕೆಲಸದ ಕೋಣೆಯಲ್ಲಿ ಹೆಚ್ಚುಕಮ್ಮಿ ಅಷ್ಟೇ ಹಿಂದೆ ಕೂತಿರುತ್ತಾರೆ.

ಈಚೆಗೆ ಒಂದೇ ಮಲ್ಟಿಪ್ಲೆಕ್ಸಿನಲ್ಲಿ ಮೂರು ಸಿನಿಮಾ ನೋಡಿದೆವು. ಮೂರೂ 2023ರವು. ಹಳೆಯದಾಯಿತಲ್ಲ ಅನ್ನಬೇಡಿ. ಮರುಪ್ರದರ್ಶನಕ್ಕೆ ಬಂದಾಗ ಬಿಡಬಾರದು ಅಂತ ಹೋದೆವು, ಹೋಗಿದ್ದು ಒಳ್ಳೆಯದೇ ಆಯಿತು.

ಮೊದಲನೆಯದು ‘ಒಪೆನ್‌ಹೈಮರ್’. ಮೊದಲ ಅಣುಬಾಂಬ್ ತಯಾರಿಯ ಮುಂದಾಳಾಗಿದ್ದ ಅಮೆರಿಕದ ವಿಜ್ಞಾನಿಯ ಕತೆ. ಮೂರು ಗಂಟೆಯ ಸಿನಿಮಾ, 7 ಆಸ್ಕರ್ ಬಂದಿವೆ. ಇದರ ಬಗ್ಗೆ ಎಲ್ಲರೂ ಬರೆದಾಗಿದೆ, ನಾನು ಕಿವಿಗೆ ಬಿದ್ದದ್ದನ್ನಷ್ಟೇ ಹೇಳುತ್ತೇನೆ. ಬಾಂಬ್ ಪರೀಕ್ಷೆಯ ದೃಶ್ಯದಲ್ಲಿ ಬೆಳಕು ಬರುತ್ತದೆ, ಸದ್ದು ಬರುವುದಿಲ್ಲ. ಉಸಿರಾಟ ಮಾತ್ರ ಕೇಳುತ್ತದೆ. ಇದು ಸುಮ್ನೆ ಮಾಡಿದ್ದಲ್ಲ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಓಡುತ್ತದೆ, ಹತ್ತು ಮೈಲಿ ದೂರದಲ್ಲಿ ನಿಂತವರನ್ನು ಮುಟ್ಟಲು ಅದಕ್ಕೆ 45 ಸೆಕೆಂಡಿಗಿಂತ ಜಾಸ್ತಿ ಬೇಕು. ನಿರ್ದೇಶಕ ಕ್ರಿಸ್ಟೋಫರ್ ನೋಲನ್ ಆ ಅಂತರವನ್ನು ಇನ್ನಷ್ಟು ಎಳೆದಿದ್ದಾರೆ. ಆಮೇಲೆ ಸದ್ದು ಬಂದಾಗ ನನ್ನ ಸೀಟೇ ಅದುರಿತು. ಬರುತ್ತದೆ ಅಂತ ಗೊತ್ತಿದ್ದೂ ಬೆಚ್ಚಿದೆ.

ನನಗೆ ಅದಕ್ಕಿಂತ ಹಿಡಿಸಿದ್ದು ಕಾಲು ಕುಟ್ಟುವ ಸದ್ದು. ಸಿನಿಮಾದಲ್ಲಿ ಬಹಳ ಮೊದಲಿನಿಂದ ಅದು ಆಗಾಗ ಬರುತ್ತದೆ, ಯಾವುದರದ್ದು ಅಂತ ಗೊತ್ತಾಗುವುದಿಲ್ಲ. ರೈಲೋ, ಯಂತ್ರವೋ ಅಂದುಕೊಳ್ಳುತ್ತೇವೆ. ಕೊನೆಗೆ ಗೊತ್ತಾಗುತ್ತದೆ, ಬಾಂಬ್ ಬಿದ್ದ ಸುದ್ದಿಗೆ ಸಂಭ್ರಮಿಸುವ ಜನ ಮರದ ಮೆಟ್ಟಿಲು ಸೀಟುಗಳ ಮೇಲೆ ಕಾಲು ಕುಟ್ಟುತ್ತಿದ್ದಾರೆ. ಒಪೆನ್‌ಹೈಮರ್ ಆಗಿ ಕಿಲಿಯನ್ ಮರ್ಫಿ ಭಾಷಣಕ್ಕೆ ನಿಂತಾಗ ಆ ಗದ್ದಲವೂ ಅಡಗಿ ಒಂದು ಕಿರುಚಾಟ ಉಳಿಯುತ್ತದೆ. ಅಕ್ಕ ನನ್ನ ಕೈ ಹಿಡಿದುಕೊಂಡಳು.

ಆದರೆ ಒಂದು ದೂರು ಇದೆ. ಎಷ್ಟೋ ಕಡೆ ಸಂಗೀತ ಮಾತನ್ನು ನುಂಗಿಬಿಡುತ್ತದೆ. ಚಿತ್ರೀಕರಣದ ಹೊತ್ತಿನಲ್ಲಿ ನಟರು ಆಡಿದ ಮಾತನ್ನೇ ಉಳಿಸಿಕೊಳ್ಳುವುದು ನೋಲನ್‌ಗೆ ಇಷ್ಟ, ಆಮೇಲೆ ಡಬ್ಬಿಂಗ್ ಮಾಡಿಸುವುದು ಇಷ್ಟವಿಲ್ಲ. ಅದರ ಹಿಂದಿನ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೂ ಕಿವಿ ಮಂದ ಇರುವವರಿಗೆ ಇದು ಕಷ್ಟ. ಸಬ್‌ಟೈಟಲ್ ಇದ್ದದ್ದಕ್ಕೆ ಬಚಾವ್. ಕೊನೆಯ ಒಂದು ಗಂಟೆಯ ವಿಚಾರಣೆ ಉದ್ದವಾಯಿತು ಅಂತ ನನಗನ್ನಿಸಿತು. ಅಕ್ಕನಿಗೆ ಅದೇ ಭಾಗ ಹೆಚ್ಚು ಇಷ್ಟ, ಅಲ್ಲಿ ಮಾತು ಸ್ಪಷ್ಟವಾಗಿ ಕೇಳಿಸಿತಂತೆ. ಒಪೆನ್‌ಹೈಮರ್ ಹೆಂಡತಿ ಕಿಟ್ಟಿಯಾಗಿ ಎಮಿಲಿ ಬ್ಲಂಟ್ ಪ್ರಶ್ನೆಗಳಿಗೆ ಉತ್ತರ ಕೊಡುವ ದೃಶ್ಯ ನೋಡಿ ನಾವಿಬ್ಬರೂ ಖುಷಿಪಟ್ಟೆವು. ಆ ಪಾತ್ರಕ್ಕೆ ಇನ್ನೂ ನಾಲ್ಕು ಅಂಥ ದೃಶ್ಯ ಇರಬೇಕಿತ್ತು.

ಎರಡನೆಯದು ‘ದಿ ಝೋನ್ ಆಫ್ ಇಂಟರೆಸ್ಟ್’. ನಾನು ಈ ಬರಹ ಶುರುಮಾಡಿದ್ದೇ ಇದಕ್ಕಾಗಿ.

ಸಿನಿಮಾ ಕಪ್ಪು ಪರದೆಯಿಂದ ಶುರುವಾಗುತ್ತದೆ. ಚಿತ್ರವೇ ಇಲ್ಲ, ಮಿಕಾ ಲೆವಿ ಅವರ ಸಂಗೀತ ಮಾತ್ರ, ಅದೂ ಸಾಕಷ್ಟು ಹೊತ್ತು. ನಮ್ಮ ಹಾಲಲ್ಲಿ ಪ್ರೊಜೆಕ್ಟರ್ ಕೆಟ್ಟಿದೆ ಅಂತ ಒಬ್ಬರು ಎದ್ದು ಹೊರಗೆ ಹೋದರು. ಇಬ್ಬರು ಫೋನ್ ತೆಗೆದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಯಾರೂ ಅವರಿಗೆ ಹೇಳಿರಲಿಲ್ಲವಲ್ಲ. ಆದರೆ ಆ ಕತ್ತಲು ಕಣ್ಣು ಮುಚ್ಚಿಸಿ ಕಿವಿ ತೆರೆಸುವುದಕ್ಕೇ ಇದೆ. ಫೋನಿನ ಬೆಳಕು ಬಿದ್ದರೆ ಅದು ಹೋಯಿತು.

ಕತೆ ನಾಜಿಗಳು ಲಕ್ಷಾಂತರ ಯಹೂದಿಗಳನ್ನು ಕೊಂದ ಆಶ್ವಿಟ್ಝ್ ಶಿಬಿರದ ಮುಖ್ಯಸ್ಥ ರುಡಾಲ್ಫ್ ಹೋಸ್‌ನ ಮನೆಯದ್ದು. ಹೆಂಡತಿ ಹೂದೋಟ ನೋಡಿಕೊಳ್ಳುತ್ತಾಳೆ, ಮಕ್ಕಳು ನೀರಲ್ಲಿ ಆಡುತ್ತಾರೆ. ತೋಟಕ್ಕೆ ಒಂದು ಗೋಡೆ. ಗೋಡೆಯ ಆಚೆ ಶಿಬಿರ. ಅಲ್ಲಿ ಜನರನ್ನು ಕೊಲ್ಲುವುದನ್ನು ನಿರ್ದೇಶಕ ಜೊನಾಥನ್ ಗ್ಲೇಜರ್ ಒಮ್ಮೆಯೂ ತೋರಿಸುವುದಿಲ್ಲ. ಕೇಳಿಸುತ್ತಾರೆ, ಅಷ್ಟೇ. ಗುಂಡಿನ ಸದ್ದು, ಕೂಗು, ನಾಯಿ, ಮತ್ತೆ ಇವೆಲ್ಲದರ ಕೆಳಗೆ ನಿಲ್ಲದೇ ಗುಂಯ್‌ಗುಡುವ ಒಂದು ಸದ್ದು. ಈ ಕೆಲಸಕ್ಕೆ ಜಾನಿ ಬರ್ನ್ ಮತ್ತು ಟಾರ್ನ್ ವಿಲ್ಲರ್ಸ್ ಅವರಿಗೆ 2024ರಲ್ಲಿ ಆಸ್ಕರ್ ಬಂತು. ಬರಲೇಬೇಕಿತ್ತು. ನಟರ ಜೊತೆ ಕೋಣೆಯಲ್ಲಿ ಕ್ಯಾಮೆರಾ ಹಿಡಿದವರು ಯಾರೂ ಇಲ್ಲ, ಮನೆಯೊಳಗೆ ಅಲ್ಲಲ್ಲಿ ಕ್ಯಾಮೆರಾಗಳನ್ನು ಬಚ್ಚಿಟ್ಟು ತೆಗೆದಿದ್ದಾರೆ. ಹಾಗಾಗಿ ಜನ ನಿಜವಾಗಿ ಬದುಕುತ್ತಿರುವಂತೆ ಕಾಣುತ್ತದೆ, ಅದನ್ನು ನೋಡುವುದು ಇನ್ನೂ ಕಷ್ಟ.

ನಮಗಾದದ್ದು ಕೇಳಿ. ಅರ್ಧ ಗಂಟೆ ಕಳೆದಿರಬೇಕು. ಎಡಗಡೆಯಿಂದ ಒಂದು ದಪ್ಪ ಸದ್ದು ಬರತೊಡಗಿತು, ನೆಲದಿಂದಲೇ ಏಳುತ್ತಿರುವ ಹಾಗೆ. ಊಟದ ಮೇಜಿನ ದೃಶ್ಯ ನಡೆಯುತ್ತಿತ್ತು. ಎಷ್ಟು ಚೆನ್ನಾಗಿ ಮಾಡಿದ್ದಾರೆ, ಯಾವುದೋ ಹೊಸ ಯಂತ್ರ ಶುರುವಾಯಿತು ಅಂದುಕೊಂಡೆ. ಹತ್ತು ನಿಮಿಷ ಹಾಗೇ ನಂಬಿ ಕೂತಿದ್ದೆ. ದೃಶ್ಯ ಬದಲಾದರೂ ಸದ್ದು ಬದಲಾಗಲಿಲ್ಲ, ಆಗ ಅನುಮಾನ ಬಂತು. ಅದು ಪಕ್ಕದ ಹಾಲಿನ ಹೊಡೆದಾಟದ ಸಿನಿಮಾ. ಅದರ ದಪ್ಪ ಸದ್ದು, ಅಂದರೆ ಬೇಸ್, ಗೋಡೆ ದಾಟಿ ಬರುತ್ತಿತ್ತು.

ಅಲ್ಲಿಂದ ಮುಂದೆ ನನಗೆ ಸಿನಿಮಾ ನೋಡುವುದೇ ಕಷ್ಟವಾಯಿತು. ಪ್ರತಿ ಸಲ ಗುಡುಗುಡು ಅಂದಾಗ ಇದು ಯಾವ ಗೋಡೆಯ ಆಚೆಯದು ಅಂತ ಬೇರೆ ಮಾಡಬೇಕಿತ್ತು. ದಪ್ಪ ಸ್ವರಗಳನ್ನು ತಡೆಯುವುದು ಸುಲಭವಲ್ಲ, ನನಗೆ ಗೊತ್ತು. ನಮ್ಮ ಪುಟ್ಟ ರೆಕಾರ್ಡಿಂಗ್ ಕೋಣೆಯಲ್ಲೇ ಹೊರಗಿನ ಲಾರಿ ಸದ್ದು ಒಳಗೆ ಬರುತ್ತದೆ. ಎರಡು ಗೋಡೆ ಕಟ್ಟಿ ನಡುವೆ ಜಾಗ ಬಿಡಬೇಕು, ಒಂದಕ್ಕೊಂದು ತಾಗಬಾರದು. ಹಾಲ್ ಕಟ್ಟುವಾಗಲೇ ಮಾಡಬೇಕಾದ ಕೆಲಸ ಅದು, ಆಮೇಲೆ ಮಾಡುವುದು ಬಹಳ ಕಷ್ಟ. ಆದರೆ ಇಷ್ಟು ಮೆತ್ತಗಿನ ಸಿನಿಮಾವನ್ನು ಹೊಡೆದಾಟದ ಸಿನಿಮಾ ಪಕ್ಕದ ಹಾಲಿಗೆ ಹಾಕದೇ ಇರುವುದು ಇವತ್ತೇ ಮಾಡಬಹುದು, ಅಲ್ವಾ? ಹೊರಗೆ ಬಂದು ಅದನ್ನೇ ಹೇಳಿದೆ. ಕೌಂಟರಿನಲ್ಲಿದ್ದ ಹುಡುಗ ಬರೆದುಕೊಂಡ.

ಅಕ್ಕನಿಗೆ ಪಕ್ಕದ ಹಾಲಿನ ಸದ್ದು ಗೊತ್ತೇ ಆಗಿರಲಿಲ್ಲ. ‘ಆ ಹೆಂಗಸು ಗಿಡ ತೋರಿಸುತ್ತಾ ಮಗುವಿಗೆ ಹೂವಿನ ವಾಸನೆ ನೋಡು ಅಂತಾಳಲ್ಲ, ಅಷ್ಟು ಸಾಕು ಕಣೋ ನನಗೆ’ ಅಂದಳು. ದಾರಿಯುದ್ದಕ್ಕೂ ಮತ್ತೇನೂ ಮಾತಾಡಲಿಲ್ಲ. ಮೂರರಲ್ಲಿ ದೊಡ್ಡ ಸಿನಿಮಾ ಇದೇ. ಇನ್ನೊಂದು ಸಲ ಒಳ್ಳೆಯ ಹಾಲಲ್ಲಿ ನೋಡಬೇಕು. ಟಿವಿಯಲ್ಲಾದರೆ ಬೇಡ, ಅಥವಾ ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ರಾತ್ರಿ ನೋಡಿ.

ಮೂರನೆಯದು ‘ಪರ್ಫೆಕ್ಟ್ ಡೇಸ್’. ವಿಮ್ ವೆಂಡರ್ಸ್ ಜಪಾನಿನಲ್ಲಿ ತೆಗೆದದ್ದು. ಟೋಕಿಯೋದ ಸಾರ್ವಜನಿಕ ಶೌಚಾಲಯಗಳನ್ನು ತೊಳೆಯುವ ಹಿರಾಯಾಮ ಎಂಬುವವರ ದಿನಗಳು. ಕೋಜಿ ಯಾಕುಶೋ ಅವರಿಗೆ ಕಾನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂತು. ಇದನ್ನು ಮೊದಲು ಮನೆಯಲ್ಲಿ ನೋಡಿ ಅರ್ಧಕ್ಕೆ ಬಿಟ್ಟಿದ್ದೆ. ಏನೂ ಆಗುವುದಿಲ್ಲ ಅನ್ನಿಸಿತ್ತು. ಥಿಯೇಟರಿನಲ್ಲಿ ಅದೇ ಏನೂ ಆಗದ ದಿನಗಳಿಗೆ ಅಂಟಿಕೊಂಡು ಕೂತೆ. ಬೆಳಗಿನ ಜಾವ ಹೊರಗೆ ಯಾರೋ ಬೀದಿ ಗುಡಿಸುವ ಸದ್ದಿಗೆ ಅವರು ಏಳುವುದು, ಕ್ಯಾಸೆಟ್ ಹಾಕುವುದು, ಶೌಚಾಲಯದಲ್ಲಿ ಸಿಕ್ಕ ಚೀಟಿಯಲ್ಲಿ ಗುರುತು ಸಿಗದವರ ಜೊತೆ ಆಟ ಆಡುವುದು. ಫೋನ್ ಕೈಗೆ ಸಿಗದಿದ್ದರೆ ಎಷ್ಟೆಲ್ಲ ಕಾಣುತ್ತದೆ!

ಇಲ್ಲೂ ಒಂದು ಎಡವಟ್ಟಾಯಿತು. ಈ ಸಿನಿಮಾದ ಚೌಕಟ್ಟು ಹಳೆಯ ಟಿವಿಯಂತೆ ಹೆಚ್ಚುಕಡಿಮೆ ಚೌಕ, 1.33ಕ್ಕೆ 1. ಪ್ರೊಜೆಕ್ಟರನ್ನು ಅಗಲ ಸಿನಿಮಾಗಳ ಅಳತೆಯಲ್ಲೇ ಬಿಟ್ಟಿದ್ದರು. ಚಿತ್ರ ಉಬ್ಬಿಕೊಂಡು ಹಿರಾಯಾಮರ ತಲೆ ಕತ್ತರಿಸಿಹೋಗಿತ್ತು, ಸಬ್‌ಟೈಟಲ್ ಪರದೆಯ ಕೆಳಗಿನ ಗೋಡೆಯ ಮೇಲೆ ಬೀಳುತ್ತಿತ್ತು. ಎಲ್ಲರೂ ಸುಮ್ಮನೆ ಕೂತಿದ್ದರು. ನಾನು ಓಡಿಹೋಗಿ ಹೇಳಿದೆ. ಮೂರ್ನಾಲ್ಕು ನಿಮಿಷದಲ್ಲಿ ಸರಿಯಾಯಿತು. ಅದಕ್ಕೆ ಅವರಿಗೆ ಥ್ಯಾಂಕ್ಸ್ ಹೇಳಲೇಬೇಕು, ಸಿನಿಮಾವನ್ನು ಮತ್ತೆ ಮೊದಲಿನಿಂದ ಹಾಕಿದರು. ನಿಮ್ಮ ಹಾಲಲ್ಲೂ ತಲೆಯೋ ಅಕ್ಷರವೋ ಕತ್ತರಿಸಿ ಕಂಡರೆ ದಯವಿಟ್ಟು ಎದ್ದು ಹೋಗಿ ಹೇಳಿ. ಎಲ್ಲವೂ ಕಂಪ್ಯೂಟರಿನಿಂದ ತಾನಾಗಿ ಓಡುತ್ತದೆ, ಎಷ್ಟೋ ಕಡೆ ಪರದೆಯನ್ನು ನೋಡುತ್ತಿರುವುದು ನಾವು ಮಾತ್ರ.

ಕೊನೆಯಲ್ಲಿ ಗಾಡಿ ಓಡಿಸುತ್ತಾ ನಗುವ, ಅಳುವ ಯಾಕುಶೋ ಮುಖ. ತುಂಬ ಹೊತ್ತು ಅದೊಂದೇ. ಅಕ್ಕ ಎರಡು ಸಲ ಕನ್ನಡಕ ತೆಗೆದು ಒರೆಸಿಕೊಂಡಳು. ಹೆಸರುಗಳು ಮೇಲೇರಲು ಶುರುವಾದ ಕೂಡಲೇ ಲೈಟು ಹಾಕಿದರು, ಜನ ಎದ್ದರು. ಆದರೆ ಹೆಸರುಗಳೆಲ್ಲ ಮುಗಿದ ಮೇಲೆ ಇನ್ನೂ ಒಂದು ಇದೆ. ‘ಕೊಮೊರೆಬಿ’ ಅನ್ನುವ ಜಪಾನಿ ಪದ ಮತ್ತು ಅದರ ಅರ್ಥ: ಎಲೆಗಳ ನಡುವೆ ತೂರಿಬಂದು ಗಾಳಿಗೆ ಅಲ್ಲಾಡುವ ಬಿಸಿಲು. ಊಟದ ಹೊತ್ತಲ್ಲಿ ಹಿರಾಯಾಮ ದಿನವೂ ಫೋಟೋ ತೆಗೆಯುವುದು ಅದನ್ನೇ. ಕಸದ ಚೀಲ ಹಿಡಿದ ಇಬ್ಬರು ಬಾಗಿಲಲ್ಲಿ ಕಾಯುತ್ತಿದ್ದರು. ಅಕ್ಕ ಅವರಿಗೆ ‘ಇನ್ನೊಂದು ನಿಮಿಷ’ ಅಂದು ಓದಿ ಮುಗಿಸಿದಳು. ಆಮೇಲೆ ನಮ್ಮ ಸಾಲಿನಲ್ಲಿ ಬಿದ್ದಿದ್ದ ಕಪ್‌ಗಳನ್ನು ಎತ್ತಿ ಅವರ ಚೀಲಕ್ಕೆ ಹಾಕಿ ಬಂದಳು.

ಅದೇ ಮಲ್ಟಿಪ್ಲೆಕ್ಸಿಗೆ ಮತ್ತೆ ಹೋಗುತ್ತೇವೆ. ಪರದೆ ಬೆಳ್ಳಗಿದೆ, ಹೇಳಿದರೆ ಕೇಳುತ್ತಾರೆ. ಬುಕ್ ಮಾಡುವ ಮುಂಚೆ ಪಕ್ಕದ ಹಾಲಲ್ಲಿ ಯಾವ ಸಿನಿಮಾ ಇದೆ ಅಂತ ಮಾತ್ರ ನೋಡಿಕೊಳ್ಳುತ್ತೇನೆ.