ಯೋಧರ ಟೊಪ್ಪಿಗೆ ಉಣ್ಣೆ ಕೊಳ್ಳುವುದಾದರೆ: ತುಳಸಿಬಾಗ್‌ನ ಒಂದು ಅಂಗಡಿ

ಪುಣೆಯಲ್ಲಿ ಹೆಣಿಗೆ ಸಾಮಾನು ಬೇಕೆಂದರೆ ಯಾರಾದರೂ ಮೊದಲು ಹೇಳುವುದು ತುಳಸಿಬಾಗ್. ಲಕ್ಷ್ಮಿ ರಸ್ತೆಯಿಂದ ರಾಮಮಂದಿರದ ಕಡೆ ಹೊಕ್ಕರೆ ಸಿಗುವ ಓಣಿಯ ಈ ಪುಟ್ಟ ಅಂಗಡಿಯನ್ನು ಇಲ್ಲಿ ಅಳೆದಿರುವುದು ಒಂದೇ ಕೆಲಸಕ್ಕೆ: ಹಿಮದ ಗಡಿಯಲ್ಲಿರುವ ಯೋಧರಿಗೆ ಟೊಪ್ಪಿ, ಮಫ್ಲರ್, ಕಾಲುಚೀಲ ಹೆಣೆದು ಕಳಿಸುವುದು. ಮೊಮ್ಮಗುವಿನ ಸ್ವೆಟರಿಗೆ ಇಲ್ಲಿಂದ ಯಾವ ಉಂಡೆ ತಂದರೂ ನಡೆದೀತು. ಲಡಾಖಿನ ದ್ರಾಸ್‌ನ ಚಳಿಗೆ ನಡೆಯದು.

ಮರಾಠಿಯಲ್ಲಿ ಹೆಣೆಯುವ ದಾರಕ್ಕೆಲ್ಲ ‘ಲೋಕರ್’ ಅನ್ನುತ್ತಾರೆ, ನಾವು ಎಲ್ಲಕ್ಕೂ ‘ಉಲ್ಲನ್’ ಅನ್ನುತ್ತೇವೆ. ತೊಡಕು ಇಲ್ಲಿಂದಲೇ ಶುರು. ಈ ಅಂಗಡಿಯ ಕಪಾಟಿನ ತುಂಬ ಇರುವ ಬಣ್ಣದ ಉಂಡೆಗಳಲ್ಲಿ ಹೆಚ್ಚಿನವು ಅಕ್ರಿಲಿಕ್, ಅಂದರೆ ಕೃತಕ ನೂಲು. ‘ಕ್ಯಾಶ್‌ಮಿಲಾನ್’ ಎಂದು ಕೊಟ್ಟರೆ ಅದೂ ಅಕ್ರಿಲಿಕ್ಕೇ, ಕಾಶ್ಮೀರದ ಮೇಕೆಗೂ ಅದಕ್ಕೂ ನಂಟಿಲ್ಲ. ಅಂಗಡಿಯವರು ಮೋಸ ಮಾಡುವವರಲ್ಲ, ಕೇಳಿದ್ದನ್ನು ಕೊಡುತ್ತಾರೆ. ಹಾಗಾಗಿ ‘ಶಂಭರ್ ಟಕ್ಕೆ ಲೋಕರ್, ಅಕ್ರಿಲಿಕ್ ನಕೋ’ (ನೂರಕ್ಕೆ ನೂರು ಉಣ್ಣೆ, ಅಕ್ರಿಲಿಕ್ ಬೇಡ) ಎಂದು ಬಿಡಿಸಿ ಹೇಳಿ. ಆಗ ಒಳಗಿನ ಕಪಾಟಿನಿಂದ ಮೆರಿನೋ ಕುರಿಯ ನಯವಾದ ಉಣ್ಣೆ ಹೊರಗೆ ಬರುತ್ತದೆ. ಬೆಲೆ ಅಕ್ರಿಲಿಕ್‌ಗಿಂತ ಬಹಳ ಹೆಚ್ಚು, ಆದರೂ ಇಲ್ಲಿ ಕೈ ಹಿಡಿಯಬಾರದು. ಉಣ್ಣೆ ತನ್ನ ತೂಕದ ಶೇಕಡಾ 30ರಷ್ಟು ತೇವ ಹೀರಿಯೂ ಮೈಗೆ ಒದ್ದೆ ಅನ್ನಿಸುವುದಿಲ್ಲ. ಅಕ್ರಿಲಿಕ್ ತೇವ ಹೀರುವುದು ಇಲ್ಲವೆನ್ನುವಷ್ಟು ಕಡಿಮೆ, ಬೆವರು ಚರ್ಮದ ಮೇಲೆಯೇ ಉಳಿದು ತಣ್ಣಗಾಗುತ್ತದೆ. ಇನ್ನೂ ದೊಡ್ಡ ಅಪಾಯ ಬೆಂಕಿಯದು. ಬಂಕರಿನಲ್ಲಿ ಬುಖಾರಿ ಒಲೆ ಉರಿಯುತ್ತಿರುತ್ತದೆ. ಕಿಡಿ ಬಿದ್ದರೆ ಉಣ್ಣೆ ಕರಕಾಗಿ ಆರುತ್ತದೆ, ಅಕ್ರಿಲಿಕ್ ಕರಗಿ ಚರ್ಮಕ್ಕೆ ಅಂಟುತ್ತದೆ.

ಲೇಬಲ್ ನಂಬಿ ಹತ್ತು ಉಂಡೆ ಒಯ್ಯಬೇಡಿ. ಒಂದು ಕೊಂಡು ಮನೆಯಲ್ಲಿ ಪರೀಕ್ಷಿಸಿ. ಬೆರಳುದ್ದದ ತುಂಡನ್ನು ಇಕ್ಕಳದಲ್ಲಿ ಹಿಡಿದು ಸುಟ್ಟಾಗ ಕೂದಲು ಸುಟ್ಟ ವಾಸನೆ ಬಂದು, ಉರಿ ತೆಗೆದ ಕೂಡಲೇ ಆರಿ, ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕಪ್ಪು ಗಟ್ಟಿ ಮಣಿ ಉಳಿದರೆ ಅಕ್ರಿಲಿಕ್. ಮಿಶ್ರಣ ಇದೆಯೇ ಎಂದು ತಿಳಿಯಲು ಇನ್ನೊಂದು ತುಂಡನ್ನು ಗಾಜಿನ ಲೋಟದಲ್ಲಿ, ಬಟ್ಟೆ ಬಿಳುಪು ಮಾಡುವ ಕ್ಲೋರಿನ್ ಬ್ಲೀಚಿನಲ್ಲಿ ರಾತ್ರಿಯಿಡೀ ಬಿಡಿ. ಉಣ್ಣೆ ಕರಗಿ ಹೋಗುತ್ತದೆ, ಉಳಿದ ಎಳೆ ಬೇರೆ ನೂಲಿನದು.

ಇಲ್ಲಿ ದಖ್ಖನಿ ಕುರಿಯ ನೂಲೂ ಒಮ್ಮೊಮ್ಮೆ ಲಡಿಯಲ್ಲಿ ಸಿಗುತ್ತದೆ. ನಮ್ಮ ಕಡೆ ಕಂಬಳಿ, ಇಲ್ಲಿನವರ ಘೊಂಗಡಿ ಆಗುವುದು ಇದೇ ಉಣ್ಣೆ. ಬೆಚ್ಚಗಿರುತ್ತದೆ, ಗಟ್ಟಿ ಬಾಳಿಕೆಯೂ ಇದೆ, ಆದರೆ ಹಣೆಗೆ, ಕತ್ತಿಗೆ ಚುಚ್ಚುತ್ತದೆ. ಮೈಗೆ ತಾಗುವುದಕ್ಕೆ ಮೆರಿನೋ ಸಾಕು.

ಕಡ್ಡಿಗಳ ವಿಷಯದಲ್ಲಿ ಅಂಗಡಿಗೆ ಪೂರ್ತಿ ಅಂಕ. ನೇರ ಕಡ್ಡಿ ಎಲ್ಲ ನಂಬರಿನಲ್ಲೂ ಇವೆ, ನಂಬರ್ ಅಳಿಸಿಹೋದ ಹಳೇ ಕಡ್ಡಿಯನ್ನು ತೂತಿನ ಹಲಗೆಯಲ್ಲಿ ಅಳೆದೂ ಕೊಡುತ್ತಾರೆ. ಹಳೆಯ ಲೆಕ್ಕದಲ್ಲಿ ನಂಬರ್ ಹೆಚ್ಚಿದಷ್ಟೂ ಕಡ್ಡಿ ಸಣ್ಣದು: 8 ಎಂದರೆ 4 ಮಿ.ಮೀ., 10 ಎಂದರೆ 3.25 ಮಿ.ಮೀ. ಟೊಪ್ಪಿಯನ್ನು ಸುತ್ತಲೂ ಹೆಣೆಯಲು ಬೇಕಾದ, ನಡುವೆ ತಂತಿಯಿರುವ 40 ಸೆಂ.ಮೀ. ಸರ್ಕ್ಯುಲರ್ ಕಡ್ಡಿ ಮಾತ್ರ ಹೇಳಿ ತರಿಸಬೇಕು. ತಡವಾದರೂ ತರಿಸಿಕೊಳ್ಳಿ. ನೇರ ಕಡ್ಡಿಯಲ್ಲಿ ಹೆಣೆದ ಟೊಪ್ಪಿಗೆ ಹಿಂದೆ ಹೊಲಿಗೆ ಬರುತ್ತದೆ, ಮೇಲೆ ಹೆಲ್ಮೆಟ್ ಕೂತಾಗ ಆ ಏಣು ಗಂಟೆಗಟ್ಟಲೆ ತಲೆಗೆ ಒತ್ತುತ್ತದೆ. ಕುಚ್ಚು, ದಪ್ಪ ಡಿಸೈನ್ ಬೇಡ ಅನ್ನುವುದೂ ಅದಕ್ಕೇ.

ಇವರ ಮೆರಿನೋ 8ನೇ ಕಡ್ಡಿಯಲ್ಲಿ 10 ಸೆಂ.ಮೀ.ಗೆ 20 ಮನೆ (ಕಡ್ಡಿಯ ಮೇಲಿನ ಕುಣಿಕೆ) ಬರುತ್ತದೆ. ಆ ಲೆಕ್ಕದಲ್ಲಿ 96 ಮನೆ ಹಾಕಿ, ಎರಡು ಸೀದಾ (ನಿಟ್) ಎರಡು ಉಲ್ಟಾ (ಪರ್ಲ್) 6 ಸೆಂ.ಮೀ., ಆಮೇಲೆ ಬರೀ ಸೀದಾ 9 ಸೆಂ.ಮೀ. ನೆತ್ತಿಗೆ 12 ಮನೆಯ ಎಂಟು ಭಾಗ ಮಾಡಿ, ಒಂದು ಸುತ್ತು ಬಿಟ್ಟು ಒಂದು ಸುತ್ತಿನಲ್ಲಿ ಎಂಟೆಂಟು ಮನೆ ಕಡಿಮೆ ಮಾಡುತ್ತ ಬನ್ನಿ. 8 ಉಳಿದಾಗ ದಾರ ಎಳೆದು ಬಿಗಿಯಿರಿ. ಒಟ್ಟು ಎತ್ತರ 23 ಸೆಂ.ಮೀ. ಆಸುಪಾಸು, ಖರ್ಚು 80ರಿಂದ 100 ಗ್ರಾಂ. ಕೆಡುವುದು ಎರಡು ಕಡೆ. ಕೈ ಬಿಗಿಯಾಗಿ 23 ಮನೆ ಬಂದರೆ ಟೊಪ್ಪಿಯ ಸುತ್ತಳತೆ 42 ಸೆಂ.ಮೀ.ಗೂ ಇಳಿಯುತ್ತದೆ, ಅದು ಮಕ್ಕಳ ಟೊಪ್ಪಿ. ಆದ್ದರಿಂದ ಮೊದಲು ಅಂಗೈಯಗಲದ ತುಂಡು ಹೆಣೆದು, ಒಗೆದು, ಅಳೆಯಿರಿ. ಎರಡನೆಯದು ಮೊದಲ ಸಾಲಿನ ಬಿಗಿ. ಹಣೆಯಲ್ಲಿ ಕೆಂಪು ಗೆರೆ ಬೀಳುವುದು ಅದರಿಂದಲೇ. ಮನೆ ಹಾಕುವಾಗ 7ನೇ ಕಡ್ಡಿ ಬಳಸಿದರೆ ತೊಂದರೆಯಿಲ್ಲ.

ಮುಖ ಮುಚ್ಚುವ ಬಾಲಕ್ಲಾವಾಕ್ಕೆ 150 ಗ್ರಾಂ, 20 ಸೆಂ.ಮೀ. ಅಗಲ 150 ಸೆಂ.ಮೀ. ಉದ್ದದ ಮಫ್ಲರಿಗೆ 250 ಗ್ರಾಂ ಹಿಡಿಯಿರಿ. ಕಾಲುಚೀಲಕ್ಕೆ ಇವರಲ್ಲಿರುವ ಶೇಕಡಾ 75 ಉಣ್ಣೆ, 25 ನೈಲಾನ್ ನೂಲೇ ಮೇಲು, ಬರೀ ಉಣ್ಣೆ ಹಿಮ್ಮಡಿಯಲ್ಲಿ ಬೇಗ ತೂತಾಗುತ್ತದೆ. ದಾರ ಮುಗಿದಲ್ಲಿ ಎಲ್ಲೂ ಗಂಟು ಹಾಕಬಾರದು. ಬೂಟಿನೊಳಗೆ ಒಂದು ಗಂಟು ಸಾಕು ಬೊಬ್ಬೆ ಏಳಲು. ಹಳೆ-ಹೊಸ ಎಳೆ ಎರಡನ್ನೂ ಸೇರಿಸಿ ಏಳೆಂಟು ಮನೆ ಹೆಣೆಯಿರಿ.

ಒಂದು ದೂರು ಹೇಳಲೇಬೇಕು. ಒಲಿವ್ ಹಸಿರು ಉಂಡೆಗಳಲ್ಲಿ ಬೇರೆ ಬೇರೆ ಲಾಟ್ (ಒಂದೇ ಸಲಕ್ಕೆ ಬಣ್ಣ ಹಾಕಿದ ಕಂತು) ಬೆರೆಸಿ ಕೊಡುತ್ತಾರೆ. ಟ್ಯೂಬ್‌ಲೈಟಿನಲ್ಲಿ ಒಂದೇ ಕಂಡದ್ದು ಬಿಸಿಲಿನಲ್ಲಿ ಪಟ್ಟೆ ಪಟ್ಟೆ. ಲಾಟ್ ನಂಬರ್ ನೀವೇ ನೋಡಿ, ಒಂದು ಉಂಡೆ ಹೆಚ್ಚಿಗೆ ಕೊಳ್ಳಿ, ಬಿಚ್ಚದ ಉಂಡೆಯನ್ನು ಬಿಲ್ ತೋರಿಸಿದರೆ ತಕರಾರಿಲ್ಲದೆ ಬದಲಿಸುತ್ತಾರೆ. ಕಪ್ಪು, ಬೂದು, ಕಂದು ಕೂಡ ನಡೆಯುತ್ತದೆ. ಎದ್ದು ಕಾಣುವ ಬಣ್ಣ ಮಾತ್ರ ಬೇಡವೇ ಬೇಡ.

ಹೋಗುವುದಾದರೆ ವಾರದ ನಡುವೆ, ಬೆಳಿಗ್ಗೆ. ಗಾಡಿ ನಿಲ್ಲಿಸಲು ಜಾಗವಿಲ್ಲ, ಮಂಡಯಿ ಮೆಟ್ರೋ ಸ್ಟೇಷನ್‌ನಲ್ಲಿ ಇಳಿದು ನಡೆಯುವುದೇ ಸುಖ. ಆಷಾಢದಲ್ಲೇ ಉಣ್ಣೆ ತಂದರೆ ಗಣೇಶ ಚೌತಿಯ ಹೊತ್ತಿಗೆ ಪಾರ್ಸೆಲ್ ಸಿದ್ಧವಾಗುತ್ತದೆ, ಚಳಿಗಾಲದಲ್ಲಿ ಲಡಾಖಿಗೆ ಹೋಗುವ ಜೋಜಿಲಾ ದಾರಿ ಹಿಮದಲ್ಲಿ ಮುಚ್ಚುವುದುಂಟು. ಹೆಣೆದದ್ದನ್ನು ತಣ್ಣೀರಿನಲ್ಲಿ ಉಜ್ಜದೆ ತೊಳೆದು, ಟವೆಲ್ ಮೇಲೆ ಹಾಸಿ ಫ್ಯಾನ್ ಕೆಳಗೆ ಒಣಗಿಸಿ. ಹಗ್ಗಕ್ಕೆ ನೇತುಹಾಕಿದರೆ ಜೋಲುತ್ತದೆ. ಪುಣೆಯ ಮಳೆಯಲ್ಲಿ ಎರಡು ದಿನ ಬೇಕಾದೀತು, ತೇವ ಉಳಿದರೆ ಪೆಟ್ಟಿಗೆಯೊಳಗೆ ಬೂಸ್ಟು ಹಿಡಿಯುತ್ತದೆ. ನುಸಿಗೆ ಒಣ ಬೇವಿನ ಎಲೆ ಇಡಿ. ನುಸಿಗುಳಿಗೆಯ ವಾಸನೆ ಮೂಗಿನ ಹತ್ತಿರದ ಬಾಲಕ್ಲಾವಾದಿಂದ ಸುಲಭವಾಗಿ ಹೋಗುವುದಿಲ್ಲ. ಉಣ್ಣೆ ಕೊಳ್ಳುವ ಮುಂಚೆಯೇ ಪರಿಚಯದ ಸೈನಿಕರ ಮೂಲಕ ಅವರ ಯುನಿಟ್ಟಿನವರನ್ನು ಕೇಳಿ, ಏನು ಬೇಕು, ಎಷ್ಟು ಬೇಕು ಎಂದು ತಿಳಿದುಕೊಳ್ಳಿ. ವಿಳಾಸದಲ್ಲಿ ಊರ ಹೆಸರು ಬರೆಯಬಾರದು, ಸೈನಿಕರ ಮತ್ತು ಯುನಿಟ್ಟಿನ ಹೆಸರು, ಅವರೇ ಕೊಟ್ಟ ಪಿನ್ ಕೋಡ್ ಮತ್ತು 56 ಎಪಿಒ ಅಥವಾ 99 ಎಪಿಒ (ಎಪಿಒ ಎಂದರೆ ಸೇನಾ ಅಂಚೆ ಕಚೇರಿ) ಬರೆಯಿರಿ.